ಗೋಡೆಗೆ ತಿರುಗಿದ ಕುರ್ಚಿ

ಆಕೆ ಕೋರ್ಟಿನ ಜಗುಲಿಗೆ ಬಂದಾಗ ಬೆರಳಚ್ಚುಗಾರ ಯಂತ್ರಕ್ಕೆ ಕಾಗದ ಏರಿಸುತ್ತಿದ್ದ. ಪಕ್ಕದ ಬೆಂಚಿನಲ್ಲಿ ನಿವೃತ್ತ ಅಮೀನರು ವಕೀಲರ ಕೆಮ್ಮನ್ನು ಅನುಕರಿಸಿ ಅವನನ್ನು ನಗಿಸುತ್ತಿದ್ದರು. ಮೂವತ್ತು ವರ್ಷ ಮನೆಮನೆಗೆ ನೋಟೀಸು ಮುಟ್ಟಿಸಿದ್ದ ಅಮೀನರ ಬಳಿಗೇ ಜಗುಲಿಯ ಒಗಟುಗಳೆಲ್ಲ ಬರುತ್ತಿದ್ದವು.

“ಅವನು ಬರ್ತಿದಾನೆ,” ಎಂದಳು ಆಕೆ. “ಬೆಳಿಗ್ಗೆ ಬಾಗಿಲು ತೆಗೆದ್ರೆ ಹೊರಗಿನ ಕುರ್ಚಿ ಗೋಡೆಗೆ ಮುಖ ಮಾಡಿರುತ್ತೆ. ನನಗೆ ಅವನು ಕೊಡ್ತಿದ್ದ ಶಿಕ್ಷೆ ಅದು. ಗಂಟೆಗಟ್ಟಲೆ ಗೋಡೆ ನೋಡ್ತಾ ಕೂರಿಸ್ತಿದ್ದ.”

ಗಂಡ ಅವಳ ಹತ್ತಿರ ಸುಳಿಯಬಾರದೆಂದು ಕೋರ್ಟು ರಕ್ಷಣಾ ಆದೇಶ ಕೊಟ್ಟು ಎರಡು ವಾರವಾಗಿತ್ತು. ಅದನ್ನು ಮುಂದುವರಿಸಬೇಕೋ ಬೇಡವೋ ಎಂಬುದು ನಾಳೆ ತೀರ್ಮಾನ. ಅವಳ ಹೊಸ ಮನೆ ಎಲ್ಲಿದೆಯೆಂದೇ ತನಗೆ ಗೊತ್ತಿಲ್ಲ ಎಂದು ಗಂಡ ಆಣೆ ಮಾಡಿದ್ದ.

“ಹೊಸ ಮನೆ ಯಾರಿಗೆ ಗೊತ್ತಿತ್ತಮ್ಮ?” ಎಂದು ಅಮೀನರು ಕೇಳಿದರು.

“ಮನೆ ಓನರಮ್ಮ, ವಕೀಲರು, ನಮ್ಮಕ್ಕ. ಅಕ್ಕನ ಹತ್ರ ಮಾತು ಬಿಟ್ಟಿದೀನಿ.”

ಅಕ್ಕನದೇ ಕೆಲಸ ಎಂದು ಬೆರಳಚ್ಚುಗಾರ ಮನಸ್ಸಿನಲ್ಲೇ ತೀರ್ಪು ಕೊಟ್ಟ. ಆಕೆಯ ಅರ್ಜಿ ಟೈಪು ಮಾಡಿದವನು ಅವನೇ. ಅರ್ಜಿಯ ಒಂದು ಕಾಲಂ ಕೂಡ ಖಾಲಿ ಬಿಡುವವನಲ್ಲ.

ಮಧ್ಯಾಹ್ನ ಅಮೀನರು, ಬೆರಳಚ್ಚುಗಾರ ಇಬ್ಬರೂ ಅವಳಿದ್ದ ವಠಾರಕ್ಕೆ ಹೋದರು. ಮೇಲಂತಸ್ತಿನಲ್ಲಿ ಎಪ್ಪತ್ತೆರಡನೇ ನಂಬರು. ಕುರ್ಚಿ ಇನ್ನೂ ಗೋಡೆ ನೋಡುತ್ತ ನಿಂತಿತ್ತು. ಯಾರೋ ಕೂತಿದ್ದಾರೇನೋ ಎನ್ನಿಸಿ ಬೆರಳಚ್ಚುಗಾರ ಒಂದು ಮೆಟ್ಟಿಲು ಹಿಂದೆ ಸರಿದ.

“ಮೊದಲು ಕೆಳಗಡೆ ಇಪ್ಪತ್ತೇಳರ ತಾತನ ಕುರ್ಚಿ ಹೀಗಾಗಿತ್ತು,” ಎಂದರು ಓನರಮ್ಮ. “ಒಂದೇ ದಿನ. ಪಾಪ, ಮೊಮ್ಮಕ್ಕಳಿಗೆ ಬೈದ್ರು. ಮಾರನೇ ದಿನದಿಂದ ಮೇಲೆ ಶುರುವಾಯ್ತು.”

ಅದು ಯಾವ ದಿನವೆಂದು ಅಮೀನರು ಕೇಳಿ ತಿಳಿದುಕೊಂಡರು. ಈ ಸಲ ಯಾರನ್ನೂ ಅನುಕರಿಸಲಿಲ್ಲ.

ಸಂಜೆ ವಕೀಲರ ಕೋಣೆಯಲ್ಲಿ ಎಲ್ಲರೂ ಸೇರಿದರು. ಅಕ್ಕ ಬಾಗಿಲ ಬಳಿಯೇ ನಿಂತಿದ್ದಳು.

“ಅಕ್ಕ ಹೇಳಿದ್ರೆ ಅವನು ಸೀದಾ ಮೇಲಕ್ಕೆ ಬರ್ತಿದ್ದ,” ಎಂದರು ಅಮೀನರು. “ಓನರಮ್ಮ, ವಕೀಲರು ಹೇಳಿದ್ರೂ ಅಷ್ಟೇ. ಇವರೆಲ್ಲ ಆ ಮನೆ ಕಂಡೋರು. ಇಪ್ಪತ್ತೇಳಕ್ಕೆ ಹೋದೋನಿಗೆ ದಾರಿ ತೋರಿಸಿದ್ದು ಮನುಷ್ಯರಲ್ಲ, ಕಾಗದ. ಮಾರನೇ ದಿನ ಇವಳು ಮೆಟ್ಟಿಲಿಳಿಯೋದು ಕಂಡು ಸರಿಯಾದ ಬಾಗಿಲು ಹಿಡಿದ.” ಅವರು ಆದೇಶದ ಪ್ರತಿ ಬಿಡಿಸಿದರು. “ಗಂಡ ಕಾಲಿಡಬಾರದ ಜಾಗಗಳು ಅಂತ ಒಂದು ಪಟ್ಟಿ ಇದೆ. ಹಳೇ ಮನೆ, ಕೆಲಸದ ಜಾಗ, ಆಮೇಲೆ ಹೊಸ ವಿಳಾಸ. ನಂಬರು ಇಪ್ಪತ್ತೇಳು. ಅರ್ಜೀಲಿದ್ದದ್ದು ಹಾಗೇ ಆದೇಶಕ್ಕೆ ಇಳಿದಿದೆ. ಕೋರ್ಟೇ ಅವನ ಕೈಗೆ ಕೊಟ್ಟಿದೆ.”

ಬೆರಳಚ್ಚುಗಾರ ತನ್ನ ಬೆರಳುಗಳನ್ನು ನೋಡಿಕೊಂಡ. “ಅಂಕಿ ಅದಲುಬದಲಾಗಿದೆ. ನಾನೇ.”

“ಅಂಕಿ ತಪ್ಪಿದ್ದು ಪುಣ್ಯ ಕಣಯ್ಯ. ವಿಳಾಸ ಬರೆದದ್ದೇ ತಪ್ಪು.” ಅಮೀನರು ವಕೀಲರ ಕಡೆ ತಿರುಗಿದರು. “ಈ ತಪ್ಪು ನಂಬರು ನಮ್ಮ ಕಾಗದ ಬಿಟ್ಟು ಬೇರೆಲ್ಲೂ ಇಲ್ಲ. ನಮ್ಮನ್ನ ಬಿಟ್ರೆ ಪ್ರತಿ ಮುಟ್ಟಿದ್ದು ಅವನೊಬ್ಬನಿಗೇ. ಮುಟ್ಟಿದ ಮಾರನೇ ಬೆಳಿಗ್ಗೆ ತಾತನ ಕುರ್ಚಿ ತಿರುಗಿದೆ. ನಾಳೆ ತಾತನನ್ನ ಸಾಕ್ಷಿಗೆ ಕರೆಸಿ.”

ವಕೀಲರು ಕೆಮ್ಮುವುದನ್ನೂ ಮರೆತು ಬರೆದುಕೊಂಡರು. ತಂಗಿ ಎದ್ದು ಅಕ್ಕನ ಸೆರಗು ಹಿಡಿದಳು. “ನಡಿಯೇ, ಸಾಮಾನು ಕಟ್ಟೋಣ,” ಎಂದಳು ಅಕ್ಕ.

ಬೆರಳಚ್ಚುಗಾರ ಗೇಟಿನವರೆಗೂ ಹೋದ. ಎಲ್ಲಿಗೆ ಹೋಗ್ತೀಯಮ್ಮ ಎಂದು ಕೇಳಲು ಬಾಯಿ ತೆರೆದು, ಮುಚ್ಚಿದ. ಅವರು ಎಡಕ್ಕೆ ಹೊರಳಿದರೋ ಬಲಕ್ಕೋ ನೋಡದೆ ಒಳಗೆ ಬಂದ.