ಹೆಗಲ ಮೇಲಿನ ಗಿಳಿ

ಬಹಳ ಹಿಂದೆ, ಗಿಳಿಗಳಿಗೆ ಇನ್ನೂ ಮಾತು ಬಾರದಿದ್ದ ಕಾಲದಲ್ಲಿ, ಹಾಲ್ಗೆರೆ ಎಂಬ ರಾಜ್ಯವಿತ್ತು. ಅಲ್ಲಿನ ರಾಜ ಸೋಮಭೂಪನಿಗೆ ಕಿರೀಟವಿತ್ತು, ಸಿಂಹಾಸನವಿತ್ತು, ಸ್ವಂತದ ಅಪ್ಪಣೆ ಮಾತ್ರ ಇರಲಿಲ್ಲ. ಕಲ್ಲುಮಂಟಪದಲ್ಲಿ ಪ್ರಜೆಗಳೆಲ್ಲ ಸೇರಿ ಏನು ತೀರ್ಮಾನಿಸುತ್ತಿದ್ದರೋ ಅದನ್ನೇ ಅವನು ಡಂಗುರ ಹೊಡೆಸುತ್ತಿದ್ದ.

ಆ ಮಂಟಪಕ್ಕೊಂದು ಕಟ್ಟಳೆ ಇತ್ತು. ಯಾರೇ ಆಗಲಿ, ಎದುರು ಮಾತಾಡುವ ಮೊದಲು ಎದುರಿನವರು ಹೇಳಿದ್ದನ್ನು ತಾವೊಮ್ಮೆ ಹೇಳಿ ತೋರಿಸಬೇಕು. ಅವರು "ಹೌದು, ಇದೇ ನನ್ನ ಮಾತು" ಎಂದ ಮೇಲೆಯೇ ತಮ್ಮದನ್ನು ಶುರುಮಾಡಬೇಕು. ಕಟ್ಟಳೆಯೇನೋ ಚೆನ್ನಾಗಿತ್ತು, ಆದರೆ ಸಭೆ ಮುಗಿಯುವುದೇ ಕಷ್ಟವಾಗಿತ್ತು. ಓಣಿಯ ಕಸ ಎಲ್ಲಿ ಸುರಿಯಬೇಕು ಎಂದು ಶುರುವಾದರೆ ಮಕ್ಕಳು ಅಲ್ಲೇ ತೂಕಡಿಸುತ್ತಿದ್ದರು, ಮನೆಯಲ್ಲಿ ಸಾರು ಸೀದುಹೋಗುತ್ತಿತ್ತು. ಜನ ಗೊಣಗುತ್ತಲೇ ಮನೆ ಸೇರುತ್ತಿದ್ದರು.

ಆ ಗೊಣಗಾಟ ಬೆಟ್ಟದಾಚೆಯ ಮಾಂತ್ರಿಕ ಮೃದುವಾಚನ ಕಿವಿಗೆ ಬಿತ್ತು. ಹಾಲ್ಗೆರೆಯ ಕೆರೆಯ ನೀರು ಕುಡಿದವರಿಗೆ ಮುಪ್ಪು ನಿಧಾನವಾಗಿ ಬರುತ್ತಿತ್ತು. ಮೃದುವಾಚನಿಗೆ ಆ ಕೆರೆಯ ಮೇಲೆ ಕಣ್ಣು. ಅವನು ಮಂತ್ರ ಹಾಕಿ ಮಾತು ಕಲಿಸಿದ ಗಿಳಿಗಳ ಪಂಜರಗಳನ್ನು ಗಾಡಿ ತುಂಬ ಹೇರಿಕೊಂಡು ಬಂದ. ಹಳೆಯದನ್ನು ಇಷ್ಟಪಡುವವರಿಗೆ ಒಂದೊಂದು ಹಸಿರು ಗಿಳಿ ಕೊಟ್ಟ. ಅದು "ಇದ್ದದ್ದೇ ಇರಲಿ" ಎನ್ನುತ್ತಿತ್ತು. ಹೊಸದನ್ನು ಬಯಸುವವರಿಗೆ ಕೆಂಪು ಗಿಳಿ ಕೊಟ್ಟ. ಅದು "ಹೊಸದೇ ಬರಲಿ" ಎನ್ನುತ್ತಿತ್ತು. ಎರಡೂ ಬೇಡವೆಂದವರಿಗೆ ಹಳದಿ ಗಿಳಿ. ಅದರದ್ದು "ನಮಗ್ಯಾಕೆ ಬಿಡಿ" ಎಂಬ ಒಂದೇ ಪಾಠ. ನೀವು ಮನೆಯಲ್ಲೇ ಇರಿ, ನಿಮ್ಮ ಗಿಳಿ ಸಭೆಗೆ ಹೋಗಿ ಬರುತ್ತದೆ ಎಂದ ಮೃದುವಾಚ.

ಜನ ಅವನಿಗೆ ಕೈಮುಗಿದರು. ಸಭೆ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮುಗಿಯತೊಡಗಿತು. ಬಿಸಿ ಸಾರು ಉಂಡು ಎಲ್ಲರೂ ನೆಮ್ಮದಿಯಾಗಿ ಮಲಗಿದರು. ರಾಜ್ಯದ ವಿಚಾರ ಬಂದರೆ ತಮ್ಮ ನಾಲಿಗೆ ಏಳುತ್ತಿಲ್ಲ, ಗಿಳಿಯೇ ಕೂಗುತ್ತಿದೆ ಎನ್ನುವುದು ಬಹಳ ದಿನ ಯಾರಿಗೂ ತಿಳಿಯಲಿಲ್ಲ. ಅಷ್ಟರಲ್ಲಿ ಪಕ್ಕದ ಮನೆಯವರ ಹೆಸರೂ ಮರೆತುಹೋಗಿತ್ತು. ಅವರು ಹಸಿರಿನವರು, ಇವರು ಕೆಂಪಿನವರು, ಅಷ್ಟೇ.

ಗಿಳಿ ಬೇಡವೆಂದವನು ಒಬ್ಬನೇ. ಅವನು ಕಂಚುಗಾರ ಮಾದರಸ. ಅವನ ತಂಗಿ ನೀಲಾಜಿಯ ಹೆಗಲ ಮೇಲೆ ಕೆಂಪು ಗಿಳಿ ಕೂತಿತ್ತು. ದನಗಳು ಇಳಿದು ಕೆರೆ ರಾಡಿಯಾಗುತ್ತದೆ, ಅದಕ್ಕೊಂದು ಬಾಗಿಲು ಬೇಕು ಎಂದು ಅವಳು ಹಿಂದಿನಿಂದಲೂ ಹೇಳುತ್ತಿದ್ದಳು. ಎಲ್ಲರ ನೀರಿಗೆ ಬಾಗಿಲು ಬೇಡ ಎಂದು ಅಣ್ಣ ಹೇಳುತ್ತಿದ್ದ. ಮೃದುವಾಚ ಬಾಗಿಲ ಮಾತನ್ನೇ ಸಭೆಗೆ ತಂದ. ಹಸಿರು ಗಿಳಿಗಳಿಗೆ, ಹಿಂದೆ ಇಲ್ಲಿ ಬಾಗಿಲಿತ್ತು ಎಂದ. ಕೆಂಪು ಗಿಳಿಗಳಿಗೆ, ಇದು ಹೊಸ ಬಾಗಿಲು ಎಂದ. ಹಳದಿ ಗಿಳಿಗಳಿಗೆ ಏನೂ ಹೇಳುವ ಅಗತ್ಯವೇ ಬೀಳಲಿಲ್ಲ. ಬಾಗಿಲು ಬಂತು, ಬೀಗದ ಕೈ ಮೃದುವಾಚನ ಸೊಂಟಕ್ಕೆ ಬಂತು.

ಮಾದರಸ ಮಂಟಪಕ್ಕೆ ಹೋಗಿ ಒಬ್ಬನೇ ಎದುರು ನಿಂತ. ಮೃದುವಾಚ ಗಿಳಿಗಳ ಕಡೆ ತಿರುಗಿದ. ಎದುರಾಡಿದವರನ್ನು ಕಲ್ಲಾಗಿಸುವುದು ಹಳೆಯ ಪದ್ಧತಿ ಎಂದ. ಮಂಟಪಕ್ಕೆ ಹೊಸ ಕಂಬವೂ ಬೇಕು ಎಂದ. ಗಿಳಿಗಳು ಕೂಗಿದವು. ಮಾದರಸ ನಿಂತಲ್ಲೇ ಕಂಬವಾದ.

ನೀಲಾಜಿ ಆ ಹೊತ್ತಿನಲ್ಲಿ ಮನೆಯಲ್ಲಿ ಭತ್ತ ಕುಟ್ಟುತ್ತಿದ್ದಳು. ಅವಳ ಗಿಳಿ ಹಾರಿ ಬಂದು ಹೆಗಲ ಮೇಲೆ ಕೂತು "ಹೊಸದೇ ಬರಲಿ" ಎಂದಿತು. ಏನಾಯಿತೆಂದು ಬೀದಿಯವರು ಹೇಳಿದ ಮೇಲೆ ಅವಳ ಕೈಯಿಂದ ಒನಕೆ ಜಾರಿತು. ಅಣ್ಣನನ್ನು ಕಲ್ಲಾಗಿಸಲು ಕೂಗಿದ ಗಿಳಿಗಳಲ್ಲಿ ತನ್ನದೂ ಒಂದು. ಅವಳಿಗೆ ಸಂಕಟ ತಡೆಯಲಾಗಲಿಲ್ಲ.

ಮಂಟಪಕ್ಕೆ ಓಡಿ ಕಂಬವನ್ನು ತಬ್ಬಿಕೊಂಡಳು. ಬಾಗಿಲ ಬೀಗ ತೆಗೆಸುತ್ತೇನೆ ಎನ್ನಲು ಹೋದರೆ ಗಿಳಿಯೇ ಕೂಗಿತು. ಸಾಕಾಗಿ, ಅಣ್ಣ ದಿನವೂ ಹೇಳುತ್ತಿದ್ದುದನ್ನೇ ಅಳುತ್ತ ಹೇಳಿಕೊಂಡಳು. "ಬಾಯಾರಿದವರು ಯಾರನ್ನೂ ಕೇಳದೆ ನೀರು ಕುಡಿಯೋ ಹಾಗಿರಬೇಕು. ಅದಕ್ಕೇ ಬಾಗಿಲು ಬೇಡ ಅಂತೀಯ, ಅಲ್ವಾ ಅಣ್ಣ?"

ಕಂಬದೊಳಗಿನಿಂದ ದನಿ ಬಂತು. "ಹೌದು, ಇದೇ ನನ್ನ ಮಾತು."

ಗಿಳಿ ತೆಪ್ಪಗಾಯಿತು, ರೆಕ್ಕೆ ಬಡಿದು ಹಾರಿಹೋಯಿತು. ಮೃದುವಾಚ ಮಂತ್ರದಿಂದ ಕಟ್ಟಿದ್ದು ಅವರವರ ಮಾತನ್ನು ಮಾತ್ರ. ಇನ್ನೊಬ್ಬರ ಮಾತು ಆಡಲು ಯಾರಾದರೂ ಬಯಸಿಯಾರು ಎಂದು ಆ ಮಹಾ ಬುದ್ಧಿವಂತನಿಗೆ ಹೊಳೆದೇ ಇರಲಿಲ್ಲ. ಕಂಬದ ದನಿ ಇನ್ನೊಂದು ಮಾತು ಹೇಳಿತು. ಬರುವ ಹುಣ್ಣಿಮೆಯ ಸಭೆಯಲ್ಲಿ ಮೃದುವಾಚ ಕೆರೆಯನ್ನೇ ಕೇಳಲಿದ್ದಾನೆ, ಅದು ಶಾಶ್ವತವಾಗಿ ಅವನದಾದರೆ ತಾನು ಕಲ್ಲಾಗಿಯೇ ಉಳಿಯುತ್ತೇನೆ ಎಂದಿತು.

ನೀಲಾಜಿ ಮೊದಲು ಹಸಿರು ಗಿಳಿಯ ಮನೆಗೆ ಹೋದಳು. ಅಲ್ಲಿದ್ದವಳು ನೇಕಾರರ ಗಂಗಾಳಜ್ಜಿ. ಬಾಗಿಲು ಬೇಕೋ ಬೇಡವೋ ಎಂದು ನೀಲಾಜಿ ಕೇಳಿದ್ದೇ ತಡ, ಗಿಳಿ ಕೂಗಿಕೊಂಡು ಹದ್ದಿನ ಗಾತ್ರಕ್ಕೆ ಬೆಳೆಯಿತು. ಅಜ್ಜಿಯ ಹೆಗಲು ಬಾಗಿತು. ನೀಲಾಜಿ ಬೆಚ್ಚಿ ಮಾತು ಬದಲಿಸಿ, "ಅಜ್ಜೀ, ಇವತ್ತು ನೂಲು ಎಲ್ಲಿ ತೊಳೆದ್ರಿ?" ಎಂದಳು. ಅದು ಮನೆಯ ಮಾತು, ರಾಜ್ಯದ್ದಲ್ಲ. ಅಜ್ಜಿ ಬಾಯಿಬಿಟ್ಟಳು. ಕೆರೆಯಲ್ಲಿ ತನ್ನ ಅವ್ವ ಕೂತ ಮೆಟ್ಟಿಲ ಮೇಲೆ ಕೂತು ನೂಲು ತೊಳೆಯುತ್ತಿದ್ದೆ, ಈಗ ಬೀಗ ಬಿದ್ದಿದೆ ಎಂದಳು. ನೀಲಾಜಿ ಅದನ್ನೇ ತಿರುಗಿ ಹೇಳಿದಳು. ಅಜ್ಜಿ "ಹೌದು, ಇದೇ ನನ್ನ ಮಾತು" ಎಂದಳು. ಇನ್ನೊಬ್ಬರು ಕೇಳಿಸಿಕೊಂಡ ಮಾತಿನ ಮುಂದೆಯೂ ಮಂತ್ರ ನಿಲ್ಲಲಿಲ್ಲ, ಹದ್ದಿನಂಥ ಗಿಳಿ ಕಿಟಕಿ ಮುರಿದುಕೊಂಡು ಹಾರಿತು.

ಎರಡನೆಯದು ಕೆಂಪು ಗಿಳಿಯ ಮನೆ, ಕಮ್ಮಾರ ಕಾಳಿಂಗನದು. ಅವನ ಹೆಂಡತಿಗೆ ಕಾಲು ಸ್ವಾಧೀನವಿರಲಿಲ್ಲ. ಹಳೆಯ ಕಡಿದಾದ ಮೆಟ್ಟಿಲ ಜಾಗದಲ್ಲಿ ಇಳಿಜಾರು ದಾರಿಯಾದರೆ ಅವಳೂ ನೀರಿಗಿಳಿದಾಳು ಎಂಬುದಷ್ಟೇ ಅವನ ಆಸೆ. ನೀಲಾಜಿ ಆ ಆಸೆಯನ್ನು ಬಾಯಿತುಂಬ ಹೇಳಿದಳು. ಅವನ ಗಿಳಿಯೂ ಹಾರಿತು. ಅಜ್ಜಿಯ ಮೆಟ್ಟಿಲೂ ಕಾಳಿಂಗನ ಇಳಿಜಾರೂ ಅಕ್ಕಪಕ್ಕದಲ್ಲೇ ಇರಬಹುದಿತ್ತು. ಅದನ್ನು ಯಾರೂ ಯಾರನ್ನೂ ಕೇಳಿರಲಿಲ್ಲ.

ಮೂರನೆಯದು ಹಳದಿ ಗಿಳಿಯ ಮನೆ, ಎಣ್ಣೆ ಮಾರುವ ಬಸಪ ಶೆಟ್ಟಿಯದು. ಶೆಟ್ಟಿ ಬಾಯೇ ಬಿಡಲಿಲ್ಲ. ನೀಲಾಜಿ ಜಗಲಿಯ ಮೇಲೆ ಸುಮ್ಮನೆ ಕೂತಳು. ನೆರಳು ಅಂಗಳ ದಾಟಿದ ಮೇಲೆ ಶೆಟ್ಟಿ ತಡವರಿಸುತ್ತ ಒಂದೊಂದೇ ಪದ ಹೊರಡಿಸಿದ. "ನ... ನನಗೆ ತೊದಲು, ತಾಯಿ. ಒಮ್ಮೆ ಸಭೇಲಿ ಮಾತಾಡಿದ್ದೆ. ಎ... ಎಲ್ಲಾರೂ ನಕ್ಕರು."

ಅವಳು ಅವಸರ ಮಾಡಲಿಲ್ಲ, ನಗಲಿಲ್ಲ. "ಸಭೆ ಬೇಡ ಅಂತಲ್ಲ ಶೆಟ್ಟರೇ, ಮಾತು ಮುಗಿಯೋ ತನಕ ಕಾಯೋರು ಬೇಕು ಅಂತ ನಿಮ್ಮ ಆಸೆ," ಎಂದಳು. ಶೆಟ್ಟಿ ತಲೆಯಾಡಿಸಿದ. ಅವನ ಕಣ್ಣಲ್ಲಿ ನೀರಿತ್ತು. ಹಳದಿ ಗಿಳಿ ಮಾತಿಲ್ಲದೆ ಹೊರಟುಹೋಯಿತು.

ಆ ಮೂವರೂ ನೀಲಾಜಿಯಂತೆಯೇ ಕೇಳಿಸಿಕೊಳ್ಳಲು ನೆರೆಮನೆಗಳಿಗೆ ಹೋದರು, ನೆರೆಮನೆಯವರು ಆಚೆಯ ಓಣಿಗೆ ಹೋದರು. ಹುಣ್ಣಿಮೆಯಂದು ಮೃದುವಾಚ ಮಂಟಪಕ್ಕೆ ಬಂದರೆ ಅಲ್ಲಿ ಗಿಳಿಗಳಿಲ್ಲ, ಜನ ಕಿಕ್ಕಿರಿದಿದ್ದರು. ಅವನು ಬೆಲ್ಲದಂಥ ದನಿಯಲ್ಲಿ, ಕೆರೆ ನನ್ನದಾಗಲಿ, ನಿಮಗೆ ಇನ್ನು ಸಭೆಯ ತೊಂದರೆಯೇ ಇರುವುದಿಲ್ಲ ಎಂದ. ಬಸಪ ಶೆಟ್ಟಿ ಎದ್ದು ನಿಂತು, ತೊದಲುತ್ತಲೇ, ಮೊದಲು ಮಾಂತ್ರಿಕನ ಮಾತನ್ನು ತಿರುಗಿ ಹೇಳಿ, ಅವನು ಹೌದೆಂದ ಮೇಲೆ ಯಾಕೆ ಬೇಡವೆಂದು ಹೇಳಿ ಮುಗಿಸಿದ. ಅವನು ಮುಗಿಸುವ ತನಕ ಇಡೀ ಮಂಟಪ ಕಾಯಿತು, ಯಾರೂ ನಗಲಿಲ್ಲ.

ಮೃದುವಾಚ ಎದುರಾಡಲು ಹೊರಟಾಗ ನೀಲಾಜಿ ತಡೆದು ಹೇಳಿದಳು. "ಎದುರು ಮಾತಾಡೋ ಮುಂಚೆ ಶೆಟ್ಟರು ಹೇಳಿದ್ದನ್ನ ನೀವೊಮ್ಮೆ ಹೇಳಿ, ಸ್ವಾಮಿ. ಇಲ್ಲಿ ಹಾಗೇ ನಡೆಯೋದು."

ಮೃದುವಾಚ ಬಾಯಿ ತೆರೆದ. ಅವನು ಈ ಜನ್ಮದಲ್ಲಿ ಯಾರ ಮಾತನ್ನೂ ಕೇಳಿಸಿಕೊಂಡವನಲ್ಲ. ಬಾಯಿಂದ "ಇದ್ದದ್ದೇ ಇರಲಿ, ಹೊಸದೇ ಬರಲಿ, ನಮಗ್ಯಾಕೆ ಬಿಡಿ" ಎಂಬುದೇ ಬಂತು. ಹೇಳುತ್ತ ಹೇಳುತ್ತ ಅವನ ಮೂಗು ಬಾಗಿತು, ತೋಳಿಗೆ ಪುಕ್ಕ ಬಂತು. ಬಣ್ಣವೇ ಇಲ್ಲದ ಗಿಳಿಯೊಂದು ಬೆಟ್ಟದ ಕಡೆ ಹಾರಿಹೋಯಿತು. ಬೀಗದ ಕೈ ನೆಲಕ್ಕೆ ಬಿತ್ತು.

ಕಂಬ ಕಳಚಿ ಮಾದರಸ ಹೊರಬಂದ. ಜನ ಸಂತೋಷದಿಂದ ಅತ್ತರು. ರಾಜ ಸೋಮಭೂಪ ಕಿರೀಟ ತೆಗೆದಿಟ್ಟು, ನೀವೆಲ್ಲ ಬಂದಿರಲ್ಲ, ಅದೇ ನನ್ನ ಭಾಗ್ಯ ಎಂದು ಸಭೆಗೆ ಕೈಮುಗಿದ. ಗಂಗಾಳಜ್ಜಿ ಶೆಟ್ಟಿಯ ತಲೆ ಸವರಿದಳು.

ನೀಲಾಜಿ ಮಾತ್ರ ದೂರ ನಿಂತಿದ್ದಳು. ಮಾದರಸನೇ ಅವಳ ಬಳಿ ಬಂದ.

"ಅವತ್ತು ನೀನೇ ಸಭೆಗೆ ಬಂದಿದ್ರೆ ಏನು ಹೇಳ್ತಿದ್ದೆ?" ಎಂದು ಕೇಳಿದ.

"ಕೆರೆಗೆ ಬಾಗಿಲು ಬೇಕು ಅಂತಲೇ ಹೇಳ್ತಿದ್ದೆ ಅಣ್ಣ. ಈಗಲೂ ಅದನ್ನೇ ಹೇಳ್ತೀನಿ," ಎಂದಳು. "ಆದರೆ ನಿನ್ನನ್ನ ಕಲ್ಲು ಮಾಡಿ ಅಂತ ನಾನು ಯಾವತ್ತೂ ಹೇಳ್ತಿರಲಿಲ್ಲ."

ಮಾದರಸ ತಂಗಿಯ ಕೈಹಿಡಿದು ಮಂಟಪದ ನಡುವೆ ಕರೆದುಕೊಂಡು ಹೋದ. ತನ್ನ ಎದುರಿಗೇ ಕೂರಿಸಿಕೊಂಡು, ಬಾಗಿಲು ಯಾಕೆ ಬೇಕು ಅಂತ ಹೇಳು, ಕೇಳಿಸಿಕೊಳ್ಳುತ್ತೇನೆ ಎಂದ. ಆ ಸಭೆ ಮುಗಿಯುವಷ್ಟರಲ್ಲಿ ಊರಿನ ಎಲ್ಲ ಮನೆಗಳ ಸಾರೂ ಸೀದುಹೋಗಿತ್ತು. ಅದನ್ನೇ ಹಂಚಿಕೊಂಡು ಉಂಡು, ಹಾಲ್ಗೆರೆಯ ಜನ ಬಹುಕಾಲ ಸುಖವಾಗಿ ಬಾಳಿದರು.