ಕುರ್ಚಿ ಸದ್ದು ಮಾಡದ ದಿನ

"ಕಾಫಿ ತರ್ಲಾ, ಟೀ ತರ್ಲಾ?"

ಅವನು ನೆಟ್ಟಗೆ ಕೂತು ಗಂಟಲು ಸರಿಮಾಡಿಕೊಂಡ. "ಎರಡರಲ್ಲೂ ಅನುಕೂಲ ಇದೆ ಮೇಡಂ. ಕಾಫಿ ಕುಡಿದ್ರೆ ಚುರುಕಾಗ್ತೀನಿ, ಆದ್ರೆ ಕೈ ನಡುಗುತ್ತೆ. ಬೋರ್ಡ್ ಮೇಲೆ ಬರೀಬೇಕಲ್ಲ. ಅದಕ್ಕೆ ಟೀ."

"ಅಯ್ಯೋ, ಇದು ಇಂಟರ್‌ವ್ಯೂ ಪ್ರಶ್ನೆ ಅಲ್ಲ ರೀ! ನಾನು ರಿಸೆಪ್ಷನ್ನವಳು."

ಅವನ ಕಿವಿ ಕೆಂಪಗಾಯಿತು. "ಹಾಗಾದ್ರೆ ಕಾಫಿ."

ಅವಳಿಗೆ ನಗು ತಡೆಯಲಾಗಲಿಲ್ಲ. ದನಿ ಗಂಟಲು ದಾಟುತ್ತಿರಲಿಲ್ಲವೆಂದು ಆಫೀಸಿನವರೆಲ್ಲ ಅವಳನ್ನು ಗುಬ್ಬಿ ಎಂದೇ ಕರೆಯುತ್ತಿದ್ದರು. ಮೇಲಿನ ಎಂಜಿನಿಯರುಗಳಿಗೆ ಚಕ್ರದ ಮೆತ್ತನೆ ಕುರ್ಚಿ. ಗುಬ್ಬಿಗೆ ನಾಲ್ಕು ಕಾಲಿನ ಹಳೆಯದು, ಅದರಲ್ಲೂ ಒಂದು ಕಾಲು ಮೋಟು. ಅಲುಗಿದರೆ ಸಾಕು, ಟಕ್ ಎನ್ನುತ್ತಿತ್ತು.

ಆ ಕಂಪನಿಯಲ್ಲೊಂದು ಪದ್ಧತಿ ಇತ್ತು. ಇಂಟರ್‌ವ್ಯೂ ಮುಗಿದ ಮೇಲೆ ಗುಬ್ಬಿಯನ್ನೂ ಕೇಳುತ್ತಿದ್ದರು, ಬಂದವರು ನಿನ್ನ ಜೊತೆ ಹೇಗೆ ನಡೆದುಕೊಂಡರು ಎಂದು. ಈ ಗುಟ್ಟು ಹೊರಗೆಲ್ಲ ಹಬ್ಬಿತ್ತು. ಹಾಗಾಗಿ ಬಂದವರೆಲ್ಲ ಬಾಯಲ್ಲಿ ಸಕ್ಕರೆ ಇಟ್ಟುಕೊಂಡೇ ಬರುತ್ತಿದ್ದರು. ಕೆಲಸ ಸಿಕ್ಕಿತೋ, ಮರುದಿನದಿಂದ ಮುಖ ಎತ್ತಿಯೂ ನೋಡುತ್ತಿರಲಿಲ್ಲ. ಸಕ್ಕರೆ ಮಾತಿಗೆ ಸೋಲಬಾರದೆಂದು ಗುಬ್ಬಿ ಮನಸ್ಸನ್ನು ಗಟ್ಟಿ ಮಾಡಿಕೊಂಡಿದ್ದಳು.

"ನೀವೇನು ಕೆಲಸ ಮಾಡ್ತೀರಿ?" ಆದರೂ ಕೇಳಿಬಿಟ್ಟಳು.

"ಟೆಸ್ಟರ್. ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕ್ತೀನಿ."

"ಇಲ್ಲೇನು ಸಿಕ್ತು?"

ಅವನು ಸುತ್ತ ನೋಡಿದ. "ಆ ಗಿಡ ಪ್ಲಾಸ್ಟಿಕ್ಕು. ಆದ್ರೆ ಯಾರೋ ಒಂದೊಂದೇ ಎಲೆ ಒರೆಸಿದಾರೆ." ನೋಟ ಗಿಡದಿಂದ ಮೆಲ್ಲಗೆ ಅವಳ ಕೈಯಲ್ಲಿದ್ದ ಬಟ್ಟೆಗೆ ಬಂತು, ಅಲ್ಲಿಂದ ಮುಖಕ್ಕೆ. "ಅದು ತಪ್ಪಲ್ಲ. ತಪ್ಪು ಇನ್ನೊಂದಿದೆ, ಆಮೇಲೆ ಹೇಳ್ತೀನಿ."

ಗುಬ್ಬಿ ಬಟ್ಟೆಯನ್ನು ಬೆನ್ನ ಹಿಂದೆ ಅಡಗಿಸಿಕೊಂಡು ಕಾಫಿ ತರಲು ಓಡಿದಳು.

ಮಧ್ಯಾಹ್ನ ಅವನು ಸಪ್ಪೆ ಮುಖ ಹೊತ್ತು ಹೊರಟಾಗ ಅವಳು ಫೋನಿನಲ್ಲಿದ್ದಳು. ಕೈ ಬೀಸಿ ಹೋಗಿಬಿಟ್ಟ. ಹಿಂದೆಯೇ ಹಿರಿಯ ಎಂಜಿನಿಯರ್ ಇಳಿದು ಬಂದಳು. ಎಲ್ಲರಿಗೂ ಅವಳು ದೊಡ್ಡಕ್ಕ.

"ಏನೇ ಗುಬ್ಬಿ, ಹುಡುಗ ಹೇಗೆ?"

"ಚೆನ್ನಾಗಿ ಮಾತಾಡಿದ್ರು. ಇಲ್ಲಿ ಎಲ್ಲರೂ ಚೆನ್ನಾಗೇ ಮಾತಾಡ್ತಾರಲ್ಲ ಅಕ್ಕ."

"ಪಾಪ, ಬೋರ್ಡ್ ಮುಂದೆ ಕಕ್ಕಾಬಿಕ್ಕಿ ಆಗ್ಬಿಟ್ಟ. ಆಗಲ್ಲ ಅಂತ ಸಂಜೆ ಮೇಲ್ ಹೋಗುತ್ತೆ."

ನನಗ್ಯಾಕೆ ಬೇಕಿತ್ತು ಇದೆಲ್ಲ ಎಂದು ಗುಬ್ಬಿ ತನ್ನನ್ನೇ ಗದರಿಕೊಂಡಳು. ಅವನ ಮಾತೂ ಪರೀಕ್ಷೆಗೆಂದೇ ಆಡಿದ್ದಿರಬೇಕು.

ಸಂಜೆ ನೋಡಿದರೆ ಹೊರಗಿನಿಂದ ಬಂದವರಿಗೆ ಕೊಡುವ ಬ್ಯಾಡ್ಜುಗಳಲ್ಲಿ ಒಂದು ಇಲ್ಲ. ಅವನದೇ! ಸೋಫಾ ಸಂದು, ಕಸದ ಬುಟ್ಟಿ, ಎಲ್ಲ ಜಾಲಾಡಿದಳು. ಸೋತು ತನ್ನ ಕುರ್ಚಿಯ ಮೇಲೆ ಧೊಪ್ಪನೆ ಕೂತಳು.

ಟಕ್ ಎನ್ನಲಿಲ್ಲ. ಬೆಳಗಿನಿಂದಲೂ ಎಂದಿರಲಿಲ್ಲ, ಕೆಲಸದ ಗಡಿಬಿಡಿಯಲ್ಲಿ ಅವಳು ಗಮನಿಸಿರಲಿಲ್ಲ ಅಷ್ಟೇ.

ಬಗ್ಗಿ ನೋಡಿದಳು. ಮೋಟು ಕಾಲಿನ ಕೆಳಗೆ ಅಚ್ಚುಕಟ್ಟಾಗಿ ತೂರಿಸಿದ ಬ್ಯಾಡ್ಜ್. ಅವಳು ಕಾಫಿಗೆ ಹೋಗಿದ್ದಾಗ, ನೋಡುವವರು ಯಾರೂ ಇಲ್ಲದಾಗ ಮಾಡಿದ ಕೆಲಸ. ಹೇಳಿಕೊಳ್ಳಲೂ ಇಲ್ಲ. ಗುಬ್ಬಿ ಎದ್ದಳು, ಕೂತಳು. ಮತ್ತೆ ಎದ್ದಳು, ಕೂತಳು. ಒಬ್ಬಳೇ ನಕ್ಕಳು. ಆಮೇಲೆ ನೆನಪಾಯಿತು: ಅವನಿನ್ನು ಈ ಕಡೆ ಯಾಕೆ ಬರುತ್ತಾನೆ?

ಆದರೆ ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಅವನು ಮೆಟ್ಟಿಲ ಮೇಲೆ ನಿಂತಿದ್ದ.

"ಬ್ಯಾಡ್ಜ್..."

"ಗೊತ್ತು."

"ನನಗೆ ಕೆಲಸ ಸಿಗಲಿಲ್ಲ."

"ಅದೂ ಗೊತ್ತು. ಮತ್ತೆ ಬಂದಿದ್ದು?"

"ಇವತ್ತು ನೀವು ನನಗೆ ಮಾರ್ಕ್ಸ್ ಹಾಕೋ ಹಾಗಿಲ್ಲವಲ್ಲ, ಧೈರ್ಯ ಬಂತು." ಜೇಬಿನಿಂದ ಕತ್ತರಿಸಿದ ರಬ್ಬರ್ ತುಂಡೊಂದನ್ನು ತೆಗೆದ. ಅವಳ ಹಿಂದೆಯೇ ಒಳಗೆ ಬಂದು, ಕುರ್ಚಿಯ ಬಳಿ ಮಂಡಿಯೂರಿ ಬ್ಯಾಡ್ಜ್ ಎಳೆದು, ಅದರ ಜಾಗದಲ್ಲಿ ರಬ್ಬರ್ ಇಟ್ಟು, ಕುರ್ಚಿ ಅಲುಗಿಸಿ ನೋಡಿದ. "ನಿನ್ನೆ ಬೋರ್ಡ್ ಮುಂದೆ ನಿಂತಾಗ ತಲೇಲೆಲ್ಲ ನೀವೇ. ಉತ್ತರ ಎಲ್ಲಿಂದ ಬರಬೇಕು?"

"ಸುಳ್ಳು."

"ಅರ್ಧ ಸುಳ್ಳು. ಅರ್ಧ ನಿಜವಾಗ್ಲೂ ಉತ್ತರ ಗೊತ್ತಿರಲಿಲ್ಲ."

ಗುಬ್ಬಿಗೆ ನಗು ಬಂತು, ಕಣ್ಣೂ ತುಂಬಿತು. "ಕಾಫಿನಾ, ಟೀನಾ?"

"ನೀವೇನು ಕುಡೀತೀರೋ ಅದು. ಸಂಜೆ, ಹೊರಗೆಲ್ಲಾದ್ರೂ. ಜೊತೇಲಿ ಕೂತು."

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಬಂದ ದೊಡ್ಡಕ್ಕ ಇಬ್ಬರನ್ನೂ ನೋಡಿ ಹುಬ್ಬೇರಿಸಿದಳು. "ಏನೇ ಗುಬ್ಬಿ, ಹುಡುಗ ಹೇಗೆ?"

ಗುಬ್ಬಿ ತನ್ನ ಕುರ್ಚಿಯಲ್ಲಿ ಗತ್ತಿನಿಂದ ಕೂತಳು. ಅವಳ ದನಿ ಮೊದಲ ಸಲ ಆ ಹಜಾರವಿಡೀ ಕೇಳಿಸಿತು.

"ನೀವು ಬಿಟ್ರಲ್ಲ ಅಕ್ಕ, ನಾನು ತಗೊಂಡೆ!"