ಎರಡು ಸಲ ಬಂದ ಮೂವತ್ತೇಳು

ಕೋಲ್ಕತ್ತದ ಗರಿಯಾಹಾಟಿನ ಫುಟ್‌ಪಾತಿನಲ್ಲಿ, ಸೀರೆ ಅಂಗಡಿಗಳ ಎದುರು, ಅರವತ್ತರ ಪ್ರಫುಲ್ಲಾ ನೈಲಾನ್ ಹಗ್ಗದ ಒಂದು ತುದಿಯನ್ನು ಮಗಳ ಕೈಗೆ ಕೊಟ್ಟು ಇನ್ನೊಂದನ್ನು ಹಿಡಿದು ಜಗ್ಗುತ್ತಿದ್ದಳು. ಅಂಗಡಿಯವನು ಕಕ್ಕಾಬಿಕ್ಕಿಯಾಗಿ ನೋಡುತ್ತಿದ್ದ. ಬಟ್ಟೆ ಒಣಹಾಕಲು ಹಗ್ಗ ಕೊಳ್ಳುವವರನ್ನು ಅವನು ಕಂಡಿದ್ದ, ಹೀಗೆ ಹಲ್ಲು ಕಚ್ಚಿ ಜಗ್ಗುವವರನ್ನು ಕಂಡಿರಲಿಲ್ಲ.

“ಸಾಕು ಅವ್ವಾ, ಸಬ್ ದೇಖ್ ರಹೇ ಹೈಂ,” ಎಂದಳು ಪೂರ್ವಿ. ಕೋಲ್ಕತ್ತದಲ್ಲೇ ಹುಟ್ಟಿ ಬೆಳೆದ ಅವಳಿಗೆ ಕನ್ನಡ ಅರ್ಥವಾಗುತ್ತದೆ, ಆಡುವಾಗ ಮಾತ್ರ ಹಿಂದಿ ಮುಂದೆ ನುಗ್ಗುತ್ತದೆ.

“ನೋಡ್ಲಿ ಬಿಡು. ನಾಳೆ ಹಗ್ಗ ಹರಿದ್ರ ಅವರೇನ್ ಬಂದು ಹಿಡೀತಾರೇನು?”

ಹಗ್ಗ ಚುನಾಝೋರಾ ಲೈನಿಗೆ. ಉತ್ತರ ಬಂಗಾಳದ ಬೆಟ್ಟಗಳಲ್ಲಿ ಸುಣ್ಣಕಲ್ಲು ಸಾಗಿಸಲು ಹಾಕಿದ್ದ, ಆಮೇಲೆ ಜನರೂ ಓಡಾಡುತ್ತಿದ್ದ ಇಪ್ಪತ್ತಾರು ಕಿಲೋಮೀಟರಿನ ಒಂಟಿ ಹಳಿ ಅದು. ಮೂವತ್ತು ವರ್ಷದ ಹಿಂದೆ ಒಂದು ಮಳೆಗಾಲದಲ್ಲಿ ಅಲ್ಲಲ್ಲಿ ಕೊಚ್ಚಿಹೋದ ಮೇಲೆ ಅದನ್ನು ಕೈಬಿಟ್ಟಿದ್ದರು. ಗದಗಿನ ಪ್ರಫುಲ್ಲಾಳಿಗೆ ಮೊದಲ ಪೋಸ್ಟಿಂಗ್ ಸಿಕ್ಕಿದ್ದು ಅಲ್ಲೇ, ಬೆಟ್ಟದ ತುದಿಯ ಚುನಾಝೋರಾ ಸ್ಟೇಷನ್ನಿನಲ್ಲಿ. ಐದು ವರ್ಷ ಸ್ಟೇಷನ್ ಮಾಸ್ಟರ್ ಆಗಿದ್ದು, ಕೊನೆಗೆ ಅದಕ್ಕೆ ಬೀಗ ಹಾಕಿ ಬಂದವಳೂ ಅವಳೇ. ಈಗ ಒಬ್ಬ ಗುತ್ತಿಗೆದಾರ ಆ ದಾರಿಯನ್ನು ಅಗೆದು ಅಗಲ ಮಾಡಿ ಪ್ರವಾಸಿಗಳ ಜೀಪು ಓಡಿಸಲು ಹೊರಟಿದ್ದ. ನಡೆಯುವವರಿಗೂ ಸೈಕಲ್ಲಿನವರಿಗೂ ಇದ್ದ ಹಾಗೇ ಬಿಡಿ ಎಂದು ಪ್ರಫುಲ್ಲಾ ಅರ್ಜಿ ಹಾಕಿದ್ದಳು. ಬೆಟ್ಟದ ಬುಡದಲ್ಲಿ, ಲೈನಿನ ಇನ್ನೊಂದು ತುದಿಯಾದ ಮೇಘಬಾಡಿಯಲ್ಲಿರುವ ಯೋಜನಾ ಕಚೇರಿ ಒಂದೇ ಷರತ್ತು ಹಾಕಿತ್ತು: ಇಡೀ ಲೈನನ್ನು ಸೈಕಲ್ ಸಮೇತ ದಾಟಿ, ಪ್ರತಿ ಕಿಲೋಮೀಟರ್ ಕಲ್ಲಿನ ಫೋಟೋ ತೆಗೆದು, ಶುಕ್ರವಾರ ಸಂಜೆ ನಾಲ್ಕರೊಳಗೆ ತಂದು ತೋರಿಸಿ. ಇಲ್ಲವಾದರೆ ದಾರಿ ಜೀಪಿನವನಿಗೆ.

ತಂಡದ ಮೂರನೆಯವರು ದೇವದಾಸರು. ಮಂಗಳೂರಿನ ಕಡೆಯವರು, ಆಗ ಮೇಘಬಾಡಿಯ ಸ್ಟೇಷನ್ ಮಾಸ್ಟರ್. ಆ ಐದು ವರ್ಷ ಕಾಡಿನಲ್ಲಿ ಪ್ರಫುಲ್ಲಾಳ ಕಿವಿಗೆ ಬೀಳುತ್ತಿದ್ದ ಕನ್ನಡವೆಂದರೆ ಸ್ಟೇಷನ್ ಫೋನಿನಲ್ಲಿ ಬರುವ ಅವರ ದನಿ ಒಂದೇ. ಆಮೇಲೆ ಇಬ್ಬರಿಗೂ ಕೋಲ್ಕತ್ತಕ್ಕೆ ವರ್ಗವಾಗಿ, ಗಾರ್ಡನ್ ರೀಚಿನ ಕ್ವಾರ್ಟರ್ಸಿನಲ್ಲಿ ಅಕ್ಕಪಕ್ಕದ ಮನೆ. ಪೂರ್ವಿಗೆ ಅವರು ಹುಟ್ಟಿದಾಗಿನಿಂದ ದೇವು ಮಾಮಾ.

“ಪ್ರೈವೇಟ್ ನಂಬರ್ ಇಲ್ದೆ ನಾ ಒಂದ್ ಹೆಜ್ಜಿ ಇಡೂದಿಲ್ಲ,” ಎಂದು ಪ್ರಫುಲ್ಲಾ ಹೊರಡುವ ಮೊದಲೇ ಖಡಾಖಂಡಿತವಾಗಿ ಹೇಳಿದ್ದಳು.

“ಆಯ್ತು ಮಾರಾಯ್ರೆ, ಹಾಳೆ ಬರೆದೇ ತರ್ತೇನೆ,” ಎಂದು ದೇವದಾಸರು ನಕ್ಕಿದ್ದರು.

ಒಂಟಿ ಹಳಿಯ ಮೇಲೆ ಗಾಡಿ ಬಿಡಬೇಕಾದರೆ ಮುಂದಿನ ಸ್ಟೇಷನ್ನಿನವರು ‘ಲೈನ್ ಕ್ಲಿಯರ್’, ಅಂದರೆ ದಾರಿ ಖಾಲಿಯಿದೆ ಎಂಬ ಒಪ್ಪಿಗೆ, ಕೊಡಬೇಕು. ಬರೀ ಬಾಯಿಮಾತು ನಡೆಯುವುದಿಲ್ಲ, ತಮ್ಮ ಹಾಳೆಯಲ್ಲಿರುವ ಎರಡಂಕಿಯ ಒಂದು ‘ಪ್ರೈವೇಟ್ ನಂಬರ್’ ಕೂಡ ಹೇಳಬೇಕು. ಹೇಳಿದ ಕೂಡಲೇ ಎರಡೂ ಕಡೆ ಬರೆದುಕೊಂಡು, ಹಾಳೆಯಲ್ಲಿ ಅದರ ಮೇಲೆ ಗೀಟು. ಆ ಹಾಳೆ ಮುಗಿಯುವ ತನಕ ಆ ನಂಬರು ಸತ್ತ ಹಾಗೆ. ಮುಂದೆ ಹೋದ ದೇವದಾಸರು ಪ್ರತಿ ಸೇತುವೆ, ಪ್ರತಿ ಸುರಂಗ ದಾಟಿ ವಾಕಿಟಾಕಿಯಲ್ಲಿ ನಂಬರು ಕೊಡಬೇಕು, ಆಮೇಲೆ ತಾಯಿ ಮಗಳು ಹೊರಡಬೇಕು ಎಂದು ಒಪ್ಪಂದವಾಯಿತು.

ಗುರುವಾರ ಬೆಳಗ್ಗೆ ಜೀಪು ಅವರನ್ನು ಸೈಕಲ್ ಸಮೇತ ಚುನಾಝೋರಾದಲ್ಲಿ ಇಳಿಸಿತು. ಸ್ಟೇಷನ್ನಿನ ಚಾವಣಿ ಹೋಗಿತ್ತು. ಟಿಕೆಟ್ ಕಿಟಕಿಯೊಳಗಿಂದ ಒಂದು ಅತ್ತಿಗಿಡ ಕೈ ಚಾಚಿತ್ತು. ಪ್ರಫುಲ್ಲಾ ಒಳಗೆ ಹೋಗಿ ತಾನು ಕೂರುತ್ತಿದ್ದ ಮೂಲೆಯಲ್ಲಿ ಸುಮ್ಮನೆ ನಿಂತಳು. ಹೊರಗೆ ಬಂದಾಗ ಕಣ್ಣು ಕೆಂಪಾಗಿತ್ತು. ಪೂರ್ವಿ ಇಪ್ಪತ್ತಾರನೇ ಕಲ್ಲಿನ ಫೋಟೋ ತೆಗೆದಳು.

ಇಳಿಜಾರು ಶುರುವಾಯಿತು. ಹಳಿಗಳನ್ನು ಯಾರೋ ಎಂದೋ ಕಿತ್ತೊಯ್ದಿದ್ದರು. ಜಲ್ಲಿಕಲ್ಲಿನ ಮೇಲೆ ಮೂವತ್ತು ವರ್ಷದ ಎಲೆ ಕೊಳೆತು ಮೆತ್ತಗಿನ ದಾರಿಯಾಗಿತ್ತು. ಎಡಕ್ಕೆ ಸಾಲ್ ಮರಗಳ ಗೋಡೆ, ಬಲಕ್ಕೆ ಕಾಲು ಜಾರಿದರೆ ನದಿ. ದೂರದಲ್ಲಿ ಭೂತಾನಿನ ಬೆಟ್ಟಗಳು ಒಂದರ ಹಿಂದೊಂದು ನೀಲಿಯಾಗಿ ನಿಂತಿದ್ದವು. ಅರ್ಧ ದಾರಿ ಸೈಕಲ್ ಹೊಡೆದರು, ಅರ್ಧ ದಾರಿ ತಳ್ಳಿದರು, ಜರಿದ ಕಡೆ ಹೆಗಲಿಗೆ ಹೊತ್ತರು. ಕಾಲಿಗೆ ಹತ್ತಿದ ಜಿಗಣೆಗಳನ್ನು ಪೂರ್ವಿ ಉಪ್ಪು ಹಾಕಿ ಬಿಡಿಸುತ್ತ ಬೆಂಗಾಲಿಯಲ್ಲಿ ಬೈಯುತ್ತಿದ್ದಳು.

ಮಧ್ಯಾಹ್ನ ಒಂಬತ್ತನೇ ನಂಬರಿನ ಸೇತುವೆ. ಹಲಗೆಗಳಿಲ್ಲ, ಎರಡು ಕಬ್ಬಿಣದ ತೊಲೆ ಮಾತ್ರ, ಕೆಳಗೆ ಅರವತ್ತಡಿ ಆಳ. ದೇವದಾಸರು ಸೊಂಟಕ್ಕೆ ಹಗ್ಗ ಬಿಗಿದುಕೊಂಡು, ತೊಲೆಯ ಮೇಲೆ ಕುಳಿತು ಜರುಗುತ್ತ ಹೋದರು. ಅರವತ್ತಾರು ವರ್ಷದವರು! ಆ ಕಡೆ ಹಗ್ಗ ಕಟ್ಟಿ ಮುಗಿಸಿದಾಗ ವಾಕಿಟಾಕಿ ಗೊರಗುಟ್ಟಿತು.

“ಲೈನ್ ಕ್ಲಿಯರ್. ಪ್ರೈವೇಟ್ ನಂಬರ್ ಮೂವತ್ತೇಳು.”

“ಮೂವತ್ತೇಳು,” ಎಂದು ಹೇಳಿ ಪ್ರಫುಲ್ಲಾ ಡೈರಿಯಲ್ಲಿ ಬರೆದಳು. ಸೈಕಲ್ಲುಗಳನ್ನು ಹಗ್ಗಕ್ಕೆ ತೂಗುಹಾಕಿ ಆ ಕಡೆ ಎಳೆದುಕೊಂಡ ಮೇಲೆ ಅವಳ ಸರದಿ: ಐವತ್ತು ಹೆಜ್ಜೆ, ಹಿಡಿಯಲು ಹಗ್ಗವೊಂದೇ. ಆದರೆ ಹಗ್ಗದ ಆ ತುದಿಯಲ್ಲಿ ದೇವದಾಸರಿದ್ದರಲ್ಲ, ಕೆಳಗೆ ನೋಡದೆ ದಾಟಿದಳು.

ಹದಿಮೂರನೇ ಕಲ್ಲಿನ ಹತ್ತಿರ, ಹಳಿ ರಿಪೇರಿ ಮಾಡುತ್ತಿದ್ದ ಗ್ಯಾಂಗಿನವರ ಹಳೇ ಗುಡಿಸಲಲ್ಲಿ ತಂಗಿದರು. ಶುಕ್ರವಾರ ಎದ್ದಾಗ ಮೋಡ ಕವಿದಿತ್ತು. ಹೊಳೆಯ ದಡದಲ್ಲಿ ಎರಡು ಕಿಲೋಮೀಟರ್ ಕೊಚ್ಚಿಹೋದ ದಾರಿಯನ್ನು ಬಂಡೆ ಹತ್ತಿ ಇಳಿದು ದಾಟುವಷ್ಟರಲ್ಲಿ ಹನ್ನೊಂದು ಗಂಟೆ. ಹನ್ನೊಂದನೇ ಕಲ್ಲಿನ ಮುಂದೆ, ದಾರಿಯ ತಿರುವಿನಾಚೆ, ಸುರಂಗ ಬಾಯಿ ತೆರೆದಿತ್ತು.

“ನಾನು ನೋಡಿ ಬರ್ತೇನೆ,” ಎಂದು ದೇವದಾಸರು ಸೈಕಲ್ ತಳ್ಳುತ್ತ ತಿರುವಿನಲ್ಲಿ ಮರೆಯಾದರು. ಹೋಗುವಾಗ ಮುಖ ಕೊಡಲಿಲ್ಲ. ಮೊಣಕಾಲು ನೋವಿರಬೇಕು ಎಂದುಕೊಂಡಳು ಪ್ರಫುಲ್ಲಾ.

ಅರ್ಧ ಗಂಟೆ ಕಳೆಯಿತು. ಮಳೆ ಹನಿ ಶುರುವಾಯಿತು.

“ಲೈನ್ ಕ್ಲಿಯರ್. ಪ್ರೈವೇಟ್ ನಂಬರ್ ಮೂವತ್ತೇಳು.”

ಪ್ರಫುಲ್ಲಾಳ ಪೆನ್ನು ನಿಂತಿತು. “ರೀ ದೇವದಾಸ್, ನಂಬರ್ ಇನ್ನೊಮ್ಮೆ ಹೇಳ್ರಿ.”

ವಾಕಿಟಾಕಿ ಮತ್ತೆ ಗೊರಗುಟ್ಟಿತು. “ಮೂವತ್ತೇಳು. ಬನ್ನಿ ಮಾರಾಯ್ರೆ, ಮಳೆ ಬರ್ತಾ ಉಂಟು.”

ಕೆಲಸದಲ್ಲಿದ್ದ ಕಾಲದಲ್ಲಾಗಿದ್ದರೆ ಅವಳು ಗಾಡಿಯನ್ನು ಅಲ್ಲೇ ನಿಲ್ಲಿಸಿ, ಆ ಕಡೆಯವನ ಜನ್ಮ ಜಾಲಾಡಿಬಿಡುತ್ತಿದ್ದಳು. ಸತ್ತ ನಂಬರಿಗೆ ಯಾವ ಸ್ಟೇಷನ್ ಮಾಸ್ಟರೂ ಗಾಡಿ ಬಿಡುವುದಿಲ್ಲ. ಆದರೆ ದೇವದಾಸರಲ್ಲವೇ? ವಯಸ್ಸಾಯಿತು, ಕನ್ನಡಕ ಮಂಜಾಗಿರಬೇಕು, ಹಾಳೆ ಒದ್ದೆಯಾಗಿರಬೇಕು. “ನಡಿ,” ಎಂದಳು ಮಗಳಿಗೆ. ಅವಳು ಮಾಡಿದ ತಪ್ಪು ಅದೊಂದೇ.

ಒಳಗೆ ಟಾರ್ಚಿನ ಬೆಳಕಿಗೆ ಬಾವಲಿಗಳು ಬುರ್ರೆಂದವು. ಪಾದ ಮುಳುಗುವಷ್ಟು ನೀರು. ನೂರು ಹೆಜ್ಜೆಗೆ ಮೊಣಕಾಲು. ಸುರಂಗ ಬಲಕ್ಕೆ ತಿರುಗಿತು, ಹಿಂದಿನ ಬೆಳಕು ಗೋಡೆಯ ಮೇಲೆ ಒಂದು ಪಟ್ಟಿಯಷ್ಟೇ ಉಳಿಯಿತು.

“ಅವ್ವಾ, ಪಾನಿ ಯಾಕೆ ನಿಂತಿದೆ? ಇಳಿಜಾರು ಅಲ್ವಾ, ಹೋಗ್ಬೇಕಲ್ಲ?”

ಪ್ರಫುಲ್ಲಾ ನಿಂತಲ್ಲೇ ನಿಂತಳು. ಹುಡುಗಿ ಕೇಳಿದ್ದು ಸರಿ. ನೀರು ನಿಂತಿದೆಯೆಂದರೆ ಮುಂದಿನ ಬಾಯಿ ಮುಚ್ಚಿದೆ.

ಟಾರ್ಚು ಮುಂದೆ ಹಾಯಿಸಿದಳು. ಮಣ್ಣು, ಬಂಡೆ, ಬೇರು. ಸುರಂಗದ ತಳದಿಂದ ಮೇಲಿನವರೆಗೂ ಒಂದೇ ಗುಡ್ಡೆ.

“ಹಿಂದಕ್ಕ! ಓಡು!”

ತಿರುಗಿದರು. ನಾಲ್ಕು ಹೆಜ್ಜೆ ಹಾಕಿರಲಿಲ್ಲ, ಒಳಗೆ ಬಂದಿದ್ದ ಬಾಯಿಯ ಕಡೆಯಿಂದ ಗಾಡಿ ಬಂದಂಥ ಸದ್ದು. ಗಾಳಿ ಮುಖಕ್ಕೆ ರಪ್ಪೆಂದು ಹೊಡೆಯಿತು. ಗೋಡೆಯ ಮೇಲಿನ ಬೆಳಕಿನ ಪಟ್ಟಿ ಆರಿತು. ಮಳೆಗೆ ನೆಂದ ಗುಡ್ಡ ಆ ಬಾಯಿಯ ಮೇಲೆ ಜರಿದಿತ್ತು. ನೀರು ಮಾತ್ರ ಸಂದಿಗಳಿಂದ ಇನ್ನೂ ಒಳಗೆ ಸುರಿಯುತ್ತಿತ್ತು.

“ದೇವು ಮಾಮಾ! ದೇವು ಮಾಮಾ!” ಪೂರ್ವಿ ವಾಕಿಟಾಕಿಗೆ ಕಿರುಚಿದಳು. ಉತ್ತರವಿಲ್ಲ.

ನೀರು ಸೊಂಟಕ್ಕೆ ಬಂತು. ಪ್ರಫುಲ್ಲಾಳ ಸೈಕಲ್ಲು ಕೈಜಾರಿ ಮುಳುಗಿತು.

“ಮುಂದಿನ ಬಾಯಿ ಗುಡ್ಡಿ ಹತ್ತು,” ಎಂದಳು. “ಹೆದರಬ್ಯಾಡ, ನಾ ಇಲ್ಲೇ ಅದೀನಿ. ಮ್ಯಾಲೆ ಗಾಳಿ ಬರ್ತದೇನು ನೋಡು.”

ಪೂರ್ವಿ ಕೆಸರಿನಲ್ಲಿ ಜಾರುತ್ತ ಹತ್ತಿ, ಚಾವಣಿಗೆ ಕೆನ್ನೆ ಹಚ್ಚಿದಳು. “ಬರ್ತಿದೆ! ಅವ್ವಾ, ತಣ್ಣಗೆ ಬರ್ತಿದೆ!”

“ಹಂಗಾರ ಅಗಿ!”

ಸೈಕಲ್ಲಿನ ಮಡ್‌ಗಾರ್ಡ್ ಕಿತ್ತು ಒಬ್ಬಳು, ಊಟದ ಸ್ಟೀಲ್ ತಟ್ಟೆ ಹಿಡಿದು ಇನ್ನೊಬ್ಬಳು. ಅಗೆದದ್ದು ಅರ್ಧ ವಾಪಸ್ ಮೈಮೇಲೇ ಬೀಳುತ್ತಿತ್ತು. ಉಗುರು ಕಿತ್ತುಬಂದವು. ಬೊಗಸೆಯಷ್ಟು ಬೆಳಕು ಕಂಡಿತು. ತಲೆ ತೂರುವಷ್ಟಾಯಿತು, ಆಮೇಲೆ ಸೈಕಲ್ಲು ತೂರುವಷ್ಟು. ಪೂರ್ವಿ ಹೊರಗೆ ತೂರಿ, ಹಗ್ಗ ಎಸೆದು, ಮೊದಲು ತನ್ನ ಸೈಕಲ್ಲನ್ನು ಎಳೆದಳು, ಆಮೇಲೆ ಅವ್ವನನ್ನು. ಪ್ರಫುಲ್ಲಾ ಸೊಂಟದವರೆಗೆ ಹೊರಗೆ ಬರುವಷ್ಟರಲ್ಲಿ ಮೆತ್ತಗಾಗಿದ್ದ ಗುಡ್ಡೆಯ ತಲೆ ಕುಸಿಯಿತು. ಕೆಸರು ನೀರು ಅವಳನ್ನು ಹೊತ್ತು ಹೊರಗೆ ಉರುಳಿಸಿತು.

ಇಬ್ಬರೂ ಮಳೆಯಲ್ಲಿ ಅಂಗಾತ ಬಿದ್ದು ಉಸಿರು ಎಳೆದುಕೊಂಡರು. ಪೂರ್ವಿ ನಗಲು ಹೋಗಿ ಅತ್ತಳು. ಫೋನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸೊಂಟಕ್ಕೆ ಕಟ್ಟಿದ್ದು ನೆಟ್ಟಗಿತ್ತು.

“ಮಾಮಾ ಒಳಗೆ ಇದಾರಾ? ಅವ್ವಾ, ಮಾಮಾ ಮಣ್ಣಿನ ಕೆಳಗೆ...”

ಪ್ರಫುಲ್ಲಾ ಎದ್ದು ಸುತ್ತ ನೋಡಿದಳು. ಸುರಂಗದ ಬಾಯಿಯ ಮುಂದೆ ಅವರಿಬ್ಬರದಲ್ಲದೆ ಒಂದು ಹೆಜ್ಜೆ ಗುರುತಿರಲಿಲ್ಲ. ಇಪ್ಪತ್ತು ಮಾರು ಕೆಳಗೆ, ಗ್ಯಾಂಗಿನವರ ಹಳೇ ಕಾಲುದಾರಿ ಗುಡ್ಡದ ಮೇಲಿಂದ ಇಳಿದು ಲೈನಿಗೆ ಸೇರುವಲ್ಲಿ, ಸೈಕಲ್ ಗಾಲಿಯ ಗೆರೆ ಎದ್ದುಕಾಣುತ್ತಿತ್ತು. ಮಣ್ಣಿನ ಕೆಳಗೆ ಯಾರೂ ಇರಲಿಲ್ಲ. ಆತ ಸುರಂಗದೊಳಗೆ ಕಾಲೇ ಇಟ್ಟಿರಲಿಲ್ಲ. ಮೇಲಿನ ದಾರಿ ಹಿಡಿದು, ಆ ಕಡೆ ಇಳಿದು, ಮುಚ್ಚಿದ ಬಾಯಿ ಕಣ್ಣಾರೆ ಕಂಡು, ಲೈನ್ ಕ್ಲಿಯರ್ ಕೊಟ್ಟು ಹೊರಟುಹೋಗಿದ್ದ.

ಇಲ್ಲಿಯವರೆಗೆ ಕೊಟ್ಟ ‘ದೇವದಾಸರು’ ಸಾಕು. ಇನ್ನು ಅವನು ಬರೀ ದೇವದಾಸ.

ಪ್ರಫುಲ್ಲಾಳಿಗೆ ಅಳು ಬರಲಿಲ್ಲ. ಐದು ವರ್ಷ ಸಾವಿರಾರು ಸಲ ಆ ದನಿ ನಂಬಿ ಗಾಡಿ ಬಿಟ್ಟಿದ್ದಳು. ಗಾಡಿಯ ತುಂಬ ಜನ ಇರುತ್ತಿದ್ದರು.

“ಟೈಮ್ ಎಷ್ಟು?”

“ಒಂದು ಗಂಟೆ ಹತ್ತು ನಿಮಿಷ. ಇನ್ನೂ ಹನ್ನೊಂದು ಕಿಲೋಮೀಟರ್ ಹತ್ರ ಇದೆ. ಅವ್ವಾ, ಟನೆಲ್ ಬಂದ್ ಅಂದ್ರೆ ಲೈನ್ ಫೇಲ್, ಅಲ್ವಾ?”

“ಯಾಕ್ ಫೇಲು? ಅವಾ ಸೈಕಲ್ ತಗೊಂಡು ಯಾವ್ ದಾರೀಲೆ ಬಂದ? ಆ ದಾರಿ ನಮಗೂ ಅದ. ಗುಡ್ಡ ಹತ್ತಿ ಹೋಗು, ಹನ್ನೊಂದನೇ ಕಲ್ಲಿಂದ ಇಲ್ಲೀ ತನಕಾ ಫೋಟೋ ತಗೊಂಡು ಬಾ. ಸೈಕಲ್ ಒಯ್ಯಿ.”

ಪೂರ್ವಿ ಇಪ್ಪತ್ತೈದು ನಿಮಿಷದಲ್ಲಿ ಹತ್ತಿ ಇಳಿದು ಬಂದಳು. ಉಳಿದ ದಾರಿಗೆ ಇಬ್ಬರಿಗೆ ಒಂದೇ ಸೈಕಲ್ಲು. ಒಬ್ಬಳು ಒಂದು ಕಲ್ಲಿನವರೆಗೆ ಸೈಕಲ್ ಹೊಡೆದು, ಅದನ್ನು ಅಲ್ಲೇ ಒರಗಿಸಿ, ಓಡುನಡಿಗೆಯಲ್ಲಿ ಮುಂದೆ ಹೋಗುವುದು. ಹಿಂದಿನವಳು ಬಂದು ಅದನ್ನೇ ಹತ್ತುವುದು. ಪ್ರಫುಲ್ಲಾಳ ಎಡಗಾಲು ಊದಿತ್ತು. ಏಳನೇ ಕಲ್ಲಿನಲ್ಲಿ ಕುಳಿತಳು, ಬೈದುಕೊಳ್ಳುತ್ತ ಎದ್ದಳು. ಮೂರನೇ ಕಲ್ಲಿನಲ್ಲಿ ಚೈನು ಕಳಚಿತು. ಮಳೆ ನಿಂತು ಬಿಸಿಲು ಬಂತು, ಚಹಾ ತೋಟದ ಹೆಂಗಸರು ಬುಟ್ಟಿ ಇಳಿಸಿ ಈ ಕೆಸರಿನ ಮೂರ್ತಿಗಳನ್ನು ನೋಡುತ್ತ ನಿಂತರು.

ಮೇಘಬಾಡಿಯ ಸೊನ್ನೆ ಕಲ್ಲಿನ ಫೋಟೋ ತೆಗೆದಾಗ ಮೂರು ಐವತ್ತೊಂದು.

ಕಚೇರಿಯ ಜಗಲಿಯಲ್ಲಿ ಗುತ್ತಿಗೆದಾರನ ಮನುಷ್ಯನ ಪಕ್ಕ ಕುಳಿತು ದೇವದಾಸ ಚಹಾ ಕುಡಿಯುತ್ತಿದ್ದ. ಇವರನ್ನು ಕಂಡದ್ದೇ ಲೋಟ ಕೆಳಗಿಟ್ಟ. ಸುರಂಗ ಮುಚ್ಚಿದೆ, ದಾರಿ ಸೈಕಲ್ಲಿಗೆ ಯೋಗ್ಯವಲ್ಲ, ಹೆಂಗಸರು ಹಿಂದಿರುಗಿದರು ಎಂದು ಆತ ಆಗಲೇ ಬರೆದುಕೊಟ್ಟಾಗಿತ್ತು. ಜೀಪಿನ ಕಂಪನಿಯಲ್ಲಿ ಅವನಿಗೆ ಸಲಹೆಗಾರನ ಕುರ್ಚಿ ಕಾದಿತ್ತು.

“ಮೇಡಂ,” ಎಂದು ಎದ್ದು ಬಂದ. “ಎಂತ ಆಯ್ತು? ನೀವು ಒಳಗೆ ಹೋಗಿ, ಮುಚ್ಚಿದ್ದು ನೋಡಿ ಹಿಂದೆ ಹೋಗ್ತೀರಿ ಅಂದ್ಕೊಂಡೆ. ದೇವರಾಣೆಗೂ ಇಷ್ಟೇ. ಗುಡ್ಡ ಜರೀತದೆ ಅಂತ ನಂಗೇನು ಗೊತ್ತು? ನಾನು... ನಾನು ಹೊಸ ನಂಬರ್ ಕೊಡ್ಲಿಲ್ಲ. ಹಳೇದು ಕೊಟ್ಟೆ. ಸುಳ್ಳಿಗೆ ಹೊಸ ನಂಬರ್ ಕೊಡ್ಲಿಕ್ಕೆ ನಾಲಿಗೆ ಏಳ್ಲಿಲ್ಲ. ನಿಮಗೆ ಗೊತ್ತಾಗ್ತದೆ ಅಂದ್ಕೊಂಡೆ.”

“ಗೊತ್ತಾತು,” ಎಂದಳು ಪ್ರಫುಲ್ಲಾ. ದನಿ ಏರಲಿಲ್ಲ. “ಗೊತ್ತಾದ್ರೂ ಹೋದೆ. ಯಾಕಂದ್ರ ಹೇಳಿದವ್ರು ನೀವು. ನಂಬರಿಗಿಂತ ನಿಮ್ಮನ್ನ ನಂಬಿದೆ. ಹಳೇ ನಂಬರ್ ಕೊಟ್ಟು ಕೈ ತೊಳ್ಕೊಂಡ್ರೇನು? ನನ್ ಮಗಳು ಒಳಗ ನಿಮ್ಮ ಹೆಸರು ಹಿಡಿದು ಒದರಾಕತ್ತಿದ್ಲು.”

ದೇವದಾಸ ತಲೆ ತಗ್ಗಿಸಿದ. ಪೂರ್ವಿ ಫೋನು ಹಿಡಿದು ಅವನನ್ನು ದಾಟಿಕೊಂಡು ಒಳಗೆ ನಡೆದಳು.

ಒಳಗೆ ಅಧಿಕಾರಿಣಿ ಇಪ್ಪತ್ತೇಳು ಕಲ್ಲುಗಳ ಫೋಟೋಗಳನ್ನೂ, ಗುಡ್ಡದ ಮೇಲಿನ ದಾರಿಯವನ್ನೂ ಒಂದೊಂದಾಗಿ ನೋಡಿದಳು. ಗಡಿಯಾರ ನೋಡಿದಳು. ಗುತ್ತಿಗೆದಾರನ ಮನುಷ್ಯ ಏನೋ ಹೇಳಲು ಬಂದಾಗ ಕೈಯೆತ್ತಿ ತಡೆದಳು. “ದೀದಿ, ಲೈನ್ ದಾಟಿದವರ ಹೆಸರು ಬರೆಯಿರಿ,” ಎಂದು ಹಿಂದಿಯಲ್ಲಿ ಹೇಳಿ ಫಾರ್ಮು ಮುಂದಿಟ್ಟಳು.

ಪ್ರಫುಲ್ಲಾ ಪೆನ್ನು ಹಿಡಿದು ಫಾರ್ಮು ಓದಿದಳು. ಆಮೇಲೆ ಬರೆದಳು: ಕಿಲೋಮೀಟರ್ ಇಪ್ಪತ್ತಾರರಿಂದ ಹನ್ನೊಂದು, ಮೂವರು. ಹನ್ನೊಂದರಿಂದ ಸೊನ್ನೆ, ಇಬ್ಬರು. ಮೇಲಿನ ಸಾಲಿನಲ್ಲಿ ದೇವದಾಸನ ಹೆಸರನ್ನೂ ಪೂರ್ತಿ ಬರೆದಳು.

“ಅವ್ವಾ! ಅವರ ಹೆಸರು ಯಾಕೆ?”

“ಒಂಬತ್ತನೇ ಬ್ರಿಜ್ಜಿನ ಮ್ಯಾಲೆ ಹಗ್ಗ ಕಟ್ಟಿದ್ದು ಅವಾನೇ. ಸುಳ್ಳು ಬರಿಯಾಕ ನನ್ ಕೈಲಿ ಆಗೂದಿಲ್ಲ.”

ಮೊಹರು ಬಿತ್ತು. ಜೀಪಿನ ಅರ್ಜಿ ತಿರಸ್ಕೃತ. ದಾರಿ ಇದ್ದ ಹಾಗೇ ಉಳಿಯಿತು.

ಹೊರಗೆ ರಸ್ತೆಬದಿಯಲ್ಲಿ ಒಬ್ಬ ಹೆಂಗಸು ಮೋಮೋ ಬೇಯಿಸುತ್ತಿದ್ದಳು. ತಾಯಿ ಮಗಳು ಬೆಂಚಿನ ಮೇಲೆ ಕುಸಿದು, ಕೆಸರಿನ ಕೈಯಲ್ಲೇ ಒಂದೊಂದು ತಟ್ಟೆ ಖಾಲಿ ಮಾಡಿದರು. “ಗೆದ್ವಿ ಅವ್ವಾ,” ಎಂದಳು ಪೂರ್ವಿ. “ಹೂಂ, ಗೆದ್ವಿ,” ಎಂದು ಪ್ರಫುಲ್ಲಾ ನಕ್ಕಳು. ಆಗ ಅಳು ಬಂತು. ತಡೆಯಲು ಹೋಗಲಿಲ್ಲ, ಬಿಕ್ಕಿಬಿಕ್ಕಿ ಅತ್ತಳು.

ದೇವದಾಸ ಕಚೇರಿಯ ಮೆಟ್ಟಿಲ ಮೇಲೆ ಒಬ್ಬನೇ ಕುಳಿತಿದ್ದ. ಗುತ್ತಿಗೆದಾರನ ಮನುಷ್ಯ ಆಗಲೇ ಜೀಪು ಹತ್ತಿ ಹೋಗಿದ್ದ.

ಪೂರ್ವಿ ಆ ಕಡೆ ನೋಡಿದಳು. “ಬೆಳಿಗ್ಗೆಯಿಂದ ಅವರೂ ಏನೂ ತಿಂದಿಲ್ಲ.”

ಪ್ರಫುಲ್ಲಾ ಸೆರಗಿನಿಂದ ಮುಖ ಒರೆಸಿಕೊಂಡಳು. “ಒಂದ್ ಪ್ಲೇಟ್ ತಗೊಂಡು ಹೋಗಿ ಕೊಟ್ಟು ಬಾ,” ಎಂದಳು. “ಇಲ್ಲಿಗೆ ಮಾತ್ರ ಕರ್ಕೊಂಡು ಬರಬ್ಯಾಡ.”